ಬೆಂಚಿನ ಕೆಳಗಿನ ನಾಯಿಯ ಹೆಸರು

ಹಳೇ ಟಾಕೀಸಿನ ನಾಯಿಗಳು ಮಧ್ಯಾಹ್ನ ಹನ್ನೆರಡಾದರೆ ಎಲ್ಲ ಒಟ್ಟಿಗೆ ಬೊಗಳುತ್ತವೆ. ಊರಿಗೆ ಹೊಸದಾಗಿ ಬಂದವರು ಏನೋ ಆಯಿತೆಂದು ಬೆಚ್ಚುತ್ತಾರೆ. ಏನೂ ಇಲ್ಲ, ಬಿಸಿಲಿಗೆ ಮೇಲಿನ ತಗಡು ಕಾಯುತ್ತದೆ, ಅವುಗಳ ಬೆನ್ನಿಗೆ ತಗಲುತ್ತದೆ, ಅಷ್ಟೆ. ಮೆಹರುನ್ನೀಸಾ ಕೆಳಗೆ ನಿಂತು ಒಂದೊಂದೇ ಹಗ್ಗ ಹಿಡಿದು ಎರಡು ಮೊಳ ಎಳೆದು ಕಟ್ಟಿದರೆ ಸುಮ್ಮನಾಗುತ್ತವೆ. ಟಾಕೀಸು ನಡೆಯುತ್ತಿದ್ದ ಕಾಲದಲ್ಲಿ ಹೆಂಗಸರ ಬಾಗಿಲಲ್ಲಿ ಟಿಕೇಟು ಹರಿಯುತ್ತಿದ್ದವಳು ಅವಳೇ. ಆಟ ನಿಂತ ಮೇಲೆ ಕುರ್ಚಿಗಳನ್ನೆಲ್ಲ ಮಾರಿದರು, ಕಟ್ಟಡ ಎತ್ತರವಾಗಿತ್ತು, ದಿಕ್ಕಿಲ್ಲದ ಪ್ರಾಣಿಗಳಿಗೆ ಅದಕ್ಕಿಂತ ಒಳ್ಳೆ ಜಾಗ ಯಾವುದಿದೆ ಎಂದು ಅವಳು ಬೀಗದ ಕೈ ಇಸಿದುಕೊಂಡಳು.

ನಮ್ಮೂರಲ್ಲಿ ಹೆಸರು ಹಿಡಿದು ಕರೆಯುವವರಿಲ್ಲದ ಜೀವ ನೆಲದ ಮೇಲೆ ನಿಲ್ಲುವುದಿಲ್ಲ. ನನ್ನ ಅಜ್ಜಿಯ ಕಾಲಕ್ಕೂ ಹಾಗೇ ಇತ್ತು, ಈಗಲೂ ಹಾಗೇ. ಕೂಸು ಹುಟ್ಟಿದರೆ ಹೆಸರಿಡುವ ತನಕ ಹಳೇ ಸೀರೆಯಲ್ಲಿ ತೊಟ್ಟಿಲಿಗೆ ಬಿಗಿದು ಕಟ್ಟುತ್ತೇವೆ. ಬೀದಿ ನಾಯಿಮರಿ ಸಂತೆಯ ಮೇಲೆ ತೇಲುತ್ತಾ ಹೋಗುವುದು ಕಂಡರೆ ಯಾರಾದರೂ ಮಾವಿನಕಾಯಿ ಕೀಳುವ ದೋಟಿ ತಂದು ಇಳಿಸಿ ಟಾಕೀಸಿಗೆ ಮುಟ್ಟಿಸುತ್ತಾರೆ. ಅಪ್ಪ, ಅಜ್ಜ, ಮಾವ ಎಂದು ಕರೆದರೆ ಪ್ರಯೋಜನವಿಲ್ಲ, ಅದು ಎಲ್ಲರಿಗೂ ಇರುವ ಹೆಸರು. ಅವರದೇ ಹೆಸರು ಹಿಡಿಯಬೇಕು, ಅದನ್ನೂ ಬೇರೆ ಬಾಯಿ ಹಿಡಿಯಬೇಕು.

ನನಗೆ ಆ ಭಯ ಯಾವತ್ತೂ ಇರಲಿಲ್ಲ. ನಮ್ಮ ಮನೆಯವರಿಗೆ ಉಪ್ಪಿಗೂ ಈರಿ, ಉಪ್ಪಿನಕಾಯಿಗೂ ಈರಿ, ಕನ್ನಡಕ ಮೂಗಿನ ಮೇಲಿದ್ದರೂ ಎಲ್ಲಿಟ್ಟೆಯೇ ಈರಿ. ದಿನಕ್ಕೆ ನೂರು ಸಲ ಕರೆಸಿಕೊಂಡವಳು ನಾನು. ಊರಿನ ಹೆಂಗಸರೆಲ್ಲ ಹಾಗೇ, ಕಲ್ಲಿನ ಹಾಗೆ ನೆಲ ಹಿಡಿದು ನಿಂತಿರುತ್ತೇವೆ. ಕಷ್ಟ ಗಂಡಸರದು. ಕಟ್ಟಿಕೊಂಡವಳು ಹೆಸರು ಹೇಳುವಂತಿಲ್ಲ. ಚಿಕ್ಕವರು ಕರೆದರೆ ಬಾಯಿ ಸರಿಯಿಲ್ಲ ಎನ್ನುತ್ತಾರೆ. ಹೆತ್ತವಳು ಇರುವ ತನಕ ಅವಳು ಕರೆದಾಳು, ಆಮೇಲೆ ಓರಗೆಯವರೇ ಗತಿ. ಅದಕ್ಕೇ ನಮ್ಮೂರಲ್ಲಿ ಟೀ ಅಂಗಡಿ ಜಾಸ್ತಿ. ಮೈಗೆ ಏನೂ ಇಲ್ಲದಿದ್ದರೂ ಆಸ್ಪತ್ರೆಗೆ ಹೋಗಿ ಚೀಟಿ ಬರೆಸಿ, ಕಾಂಪೌಂಡರು ಹೆಸರು ಕೂಗುವ ತನಕ ಕೂತು, ಕೂಗಿದ ಮೇಲೆ ಎದ್ದು ಮನೆಗೆ ಬರುವ ಮುದುಕರನ್ನು ಬೇಕಾದಷ್ಟು ಕಂಡಿದ್ದೇನೆ. ಈಗ ಅಲ್ಲೂ ನಂಬರು ಕೂಗುತ್ತಾರೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟಿನ ಮಿಷನ್ನು, ಅದಕ್ಕೆ ಬಾಯೇ ಇಲ್ಲ.

ನಮ್ಮ ಯಜಮಾನರು ಹತ್ತಿ ಮಾರ್ಕೆಟ್ಟಿನಲ್ಲಿ ತೂಕ ಹಾಕುತ್ತಿದ್ದವರು. ಅವರ ಹೆಸರನ್ನು ನಾನು ಒಂದೇ ಒಂದು ಸಲ ಹೇಳಿದ್ದೆ. ಮದುವೆಯಾಗಿ ಬಂದ ದಿನ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು, ಹೆಸರು ಹೇಳಿದರೇನೇ ಒಳಗೆ ಬಿಡೋದು ಎಂದಾಗ, ಸೆರಗಿನೊಳಗೆ, ನನಗೇ ಕೇಳಿಸದ ಹಾಗೆ. ಆಮೇಲೆ ಐವತ್ತೊಂದು ವರ್ಷ ಇಲ್ಲ. ಗಂಡನ ಹೆಸರು ಒಂದು ಸಲ ಹೇಳಿದರೆ ಅವನ ಆಯಸ್ಸಿನ ಹಗ್ಗದಲ್ಲಿ ಒಂದು ಎಳೆ ಹರಿಯುತ್ತದೆ ಎಂದು ನಮ್ಮಮ್ಮ ಹೇಳಿ ಕಳಿಸಿದ್ದಳು. ಅವರ ಹೆಸರಿನ ಮೊದಲರ್ಧ ಹಸು ಕರೆದರೆ ಸಿಗುವ ಒಂದು ಪದಾರ್ಥದ್ದು. ಅದನ್ನೂ ನಾನು ಹೇಳುತ್ತಿರಲಿಲ್ಲ, 'ಬಿಳೇದು' ಎನ್ನುತ್ತಿದ್ದೆ. ಬಿಳೇದು ಉಕ್ಕಿತು, ಬಿಳೇದು ಒಡೆಯಿತು, ಇವತ್ತು ಬಿಳೇದು ಅರ್ಧ ಸೇರು ಸಾಕು. ಬೆಳಿಗ್ಗೆ ತಂದುಕೊಡುವ ಕರಿಬಸಯ್ಯನಿಗೆ ಅದು ರೂಢಿಯಾಗಿತ್ತು. ಪೂರ್ತಿ ಹೆಸರನ್ನು ಈಗಲೇ ಹೇಳಿಬಿಡಬಹುದು, ಆದರೆ ಅದು ಬಂದ ಜಾಗದಲ್ಲೇ ಬರಲಿ.

ಅವರನ್ನು ಹೆಸರು ಹಿಡಿದು ಕರೆಯುವವನೆಂದು ಕೊನೆಗೆ ಉಳಿದದ್ದು ಟೀ ಅಂಗಡಿಯ ಗೂಳಪ್ಪ ಒಬ್ಬನೇ. ತೂಕದ ಕಟ್ಟೆಯ ಎದುರಿಗೇ ಅವನ ಅಂಗಡಿ. ಟೀ ಸೋಸಿದ ಕೂಡಲೇ ಅಲ್ಲಿಂದ ಕೂಗು ಹಾಕುತ್ತಿದ್ದ, ಮೂರು ಬೀದಿಗೆ ಕೇಳುತ್ತಿತ್ತು. ಇವರು ಹೋಗಿ ಬೆಂಚಿನ ಮೇಲೆ ಕೂತು ಟೀ ಕುಡಿದು, ಒಂದು ಬನ್ನು ತಿಂದು, ಹುಲಿ-ಕುರಿ ಆಟ ಆಡಿ ಬರುತ್ತಿದ್ದರು. ಕೆಲಸದಿಂದ ನಿವೃತ್ತರಾದ ಮೇಲೂ ಕಟ್ಟೆಗೆ ಹೋಗಿ ಕೂರುವುದು, ಕೂಗಿಸಿಕೊಳ್ಳುವುದು ತಪ್ಪಿರಲಿಲ್ಲ. ಹೋದ ದೀಪಾವಳಿಯಲ್ಲಿ ಆ ಆಟದಲ್ಲೇ ಜಗಳವಾಯಿತು. ತಾನು ಟೀ ಊದುತ್ತಿದ್ದಾಗ ಅವನು ಒಂದು ಕುರಿ ಕದ್ದ ಎಂದು ಇವರು. ಹುಣಸೆಬೀಜ ಕದಿಯುವಷ್ಟು ಬಡತನ ನನಗೆ ಬಂದಿಲ್ಲ ಎಂದು ಅವನು. ಇವರು ಎದ್ದು ಬಂದವರು ಮತ್ತೆ ಆ ಬೆಂಚು ತುಳಿಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ನನಗೆ ಗೊತ್ತಾಯಿತು. ಸಾರಿಸಿದ ಒದ್ದೆ ನೆಲದ ಮೇಲೆ ನಡೆದು ಹೋದರು, ಹೆಜ್ಜೆ ಮೂಡಲಿಲ್ಲ. ಅವರಿಗೆ ಮೊದಲೇ ಗೊತ್ತಿತ್ತು. ಮಾರ್ಕೆಟ್ಟಿನವರು ಬಿಸಾಕಿದ್ದ ಹಳೇ ತಕ್ಕಡಿಯನ್ನು ಹಿತ್ತಲಲ್ಲಿ ತೂಗುಹಾಕಿಕೊಂಡು, ದಿನಾ ಬೆಳಿಗ್ಗೆ ಅದರಲ್ಲಿ ಕೂತು, ಹತ್ತಿಯ ಮೂಟೆ ತೂಗಿದ ಹಾಗೆಯೇ ಗಟ್ಟಿಯಾಗಿ ಹೇಳುತ್ತಿದ್ದರು. "ನಲವತ್ತೊಂದೂವರೆ." ಅರವತ್ತೆರಡು ಕೆಜಿ ಇದ್ದ ಮನುಷ್ಯ. ಯುಗಾದಿಗೆ "ಮೂವತ್ತು." ನಾನು ಅವರ ಅಂಗಿಗೆ ದೊಡ್ಡ ಜೇಬು ಹೊಲಿದು ಹೊಳೆಯ ಕಲ್ಲು ತುಂಬಿಸಿದೆ. ಮಲಗುವಾಗ ಕಂಬಳಿಯ ಅಂಚಿಗೆ ರುಬ್ಬುಗುಂಡು. ಅವರಿಗೆ ಅದೊಂದು ತಮಾಷೆ. ಅಟ್ಟದ ಮೇಲಿನ ಡಬ್ಬ ತೆಗೆಯಲು ಈಗ ಏಣಿ ಬೇಡವಲ್ಲ ಎನ್ನುತ್ತಿದ್ದರು.

"ಆ ಗೂಳಪ್ಪನ ಹತ್ರ ಹೋಗಿ ಒಂದು ಮಾತಾಡಿ," ಎಂದೆ.

"ಕುರಿ ವಾಪಸ್ ಇಡಲಿ, ಮಾತಾಡ್ತೀನಿ."

"ಆಷಾಢ ಬರ್ತಿದೆ. ಗಾಳಿ ಶುರುವಾಗುತ್ತೆ."

"ಬರಲಿ ಬಿಡೇ ಈರಿ. ಬಿಟ್ಟಿಯಾಗಿ ನಾಲ್ಕು ಊರು ನೋಡ್ಕೊಂಡು ಬರ್ತೀನಿ."

ಹೋದ ವರ್ಷದ ಆಷಾಢಕ್ಕೆ ಟಾಕೀಸಿನಿಂದ ಎರಡು ಬೆಕ್ಕು, ಒಂದು ಮೇಕೆ ಹಗ್ಗ ಹರಿದುಕೊಂಡು ಹೋಗಿದ್ದವು. ಮೇಕೆಯನ್ನು ಬೆಟ್ಟದಾಚೆಯವರು ನೋಡಿದರಂತೆ, ಆಲದ ಮರದ ತುದಿಯಲ್ಲಿ ಆರಾಮಾಗಿ ಮೇಯುತ್ತಿತ್ತಂತೆ. ಮೇಕೆಗೆ ಸರಿ. ಇವರಿಗೆ ಹೊತ್ತು ಹೊತ್ತಿಗೆ ಬಿಸಿ ಮುದ್ದೆ ಬೇಕು.

ಆಗ ನನಗೆ ಹೊಳೆದದ್ದು ನಾಯಿ. ದಪ್ಪ ನಾಯಿಯೊಂದನ್ನು ತಂದು, ಹೆಸರಿಟ್ಟು, ಅದರ ಹಗ್ಗವನ್ನು ಇವರ ಸೊಂಟಕ್ಕೆ ಕಟ್ಟಿದರೆ ಇಪ್ಪತ್ತೈದು ಕೆಜಿಯಾದರೂ ಕೆಳಗಿರುತ್ತದೆ. ಕಲ್ಲಿನಂತೆ ಜೇಬು ಹರಿಯುವುದಿಲ್ಲ, ತಾನಾಗಿಯೇ ಜೊತೆಗೆ ನಡೆಯುತ್ತದೆ. ಇವರಿಗೂ ಒಪ್ಪಿಗೆಯಾಯಿತು. ಆ ದಿನ ತಕ್ಕಡಿ "ಹದಿನಾಲ್ಕು" ಹೇಳಿತ್ತು. ಆಷಾಢಕ್ಕೆ ಇನ್ನು ನಾಲ್ಕು ದಿನ. ಇವರ ಕೈ ಹಿಡಿದುಕೊಂಡು ಟಾಕೀಸಿಗೆ ಹೋದೆ. ದಾರಿಯಲ್ಲಿ ನೋಡಿದವರು, ಈ ವಯಸ್ಸಿನಲ್ಲಿ ಕೈ ಕೈ ಹಿಡಿದು ಸಿನಿಮಾಕ್ಕೆ ಹೊರಟರು ನೋಡು ಎಂದು ನಕ್ಕರು.

ಒಳಗೆ ಜಾತ್ರೆಯ ಬಲೂನಿನವನ ಕೋಲಿದ್ದಂತೆ ಇತ್ತು. ನೆಲದ ಗೂಟಗಳಿಂದ ಹಗ್ಗಗಳು ಮೇಲಕ್ಕೆ ಹೋಗಿದ್ದವು, ಒಂದೊಂದರ ತುದಿಗೂ ಒಂದೊಂದು ನಾಯಿ, ಬೆಕ್ಕು, ಮೂಲೆಯಲ್ಲಿ ಒಂದು ಮುದಿ ಕತ್ತೆ. ಮೆಹರುನ್ನೀಸಾ ನಾಲ್ಕೈದು ಒಳ್ಳೆ ನಾಯಿಗಳನ್ನು ಎಳೆದು ತೋರಿಸಿದಳು. "ಇದು ತಗೊಳ್ಳಿ ಈರಕ್ಕ, ಏನು ಹೆಸರಿಟ್ರೂ ಒಪ್ಪುತ್ತೆ. ಮರಿ ನೋಡಿ, ಇನ್ನೂ ಖಾಲಿ ಸ್ಲೇಟು."

ಇವರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ತಲೆ ಎತ್ತಿ ನೋಡುತ್ತಿದ್ದರು. ಪರದೆ ಇದ್ದ ಗೋಡೆಯ ಹತ್ತಿರ, ಎಲ್ಲಕ್ಕಿಂತ ಮೇಲೆ, ಒಂದು ಕಂದು ನಾಯಿ ನಾಲ್ಕೂ ಕಾಲು ಬಡಿದು ಈಜುವ ಹಾಗೆ ಇವರ ಕಡೆ ಬರಲು ನೋಡುತ್ತಿತ್ತು. ಒಂದು ಕಿವಿ ಹರಿದಿತ್ತು.

"ಇದು ನಮ್ಮ ಬೆಂಚಿನ ಕೆಳಗಿನದು ಕಣೇ," ಎಂದರು. "ದಿನಾ ಅರ್ಧ ಬನ್ನು ಕೊಡ್ತಿದ್ದೆ. ಇದು ಯಾವಾಗ ಮೇಲೆ ಹೋಯ್ತು?"

"ಸಂಕ್ರಾಂತಿಗೆ ಮುಂಚೆ ಸಿಕ್ಕಿತು, ಯಜಮಾನ್ರೇ," ಎಂದಳು ಮೆಹರುನ್ನೀಸಾ. "ಅದು ಬೇಡ. ಅದರೊಳಗೆ ಯಾವುದೋ ಹಳೇ ಹೆಸರು ಕೂತಿದೆ, ಹೊಸದು ಹಿಡಿಯಲ್ಲ. ಇನ್ನೂರು ಹೆಸರು ಕರೆದು ನೋಡಿದೀನಿ."

"ಕೊಟ್ಟರೆ ಇದು ಕೊಡು. ಇಲ್ಲದಿದ್ದರೆ ಬೇಡವೇ ಬೇಡ."

ಹುಣಸೆಬೀಜದ ಕುರಿಗೆ ಎಂಟು ತಿಂಗಳು ಹಠ ಹಿಡಿದ ಮನುಷ್ಯ, ಜೀವವಿರುವ ನಾಯಿಗೆ ಬಿಡುತ್ತಾರೆಯೇ. ಮೆಹರುನ್ನೀಸಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. "ಮೂರು ದಿನ ಬಂದು ಕರೀರಿ," ಎಂದಳು. "ಕರೆದು ಇಳಿಸಿದವರಿಗೇ ನಾಯಿ. ಇಳಿದರೆ ಫಾರಂ ತುಂಬೋಣ. ಆಷಾಢ ಹುಟ್ಟಿದ ಮೇಲೆ ನನ್ನ ಕೈಲಿಲ್ಲ, ಆ ಮೂಲೆ ತಗಡು ಈಗಲೇ ಪಟಪಟ ಅಂತಿದೆ."

ಎರಡು ದಿನ ಕರೆದೆವು. ಕೆಂದ, ಮೋತಿ, ಭೈರ, ರಾಜ, ಟೈಗರು, ನಾಗರು. ಬೇಳೆ ಕಾಳಿನ ಹೆಸರೂ ಕರೆದೆವು. ಇವರಂತೂ ಹತ್ತಿಯ ತಳಿಗಳ ಹೆಸರನ್ನೆಲ್ಲ ಒಪ್ಪಿಸಿದರು. ನಾಯಿ ಬಾಲ ಆಡಿಸುತ್ತಿತ್ತು, ಅದರ ಗಾಳಿಗೆ ಇನ್ನಷ್ಟು ಮೇಲೆ ಹೋಗುತ್ತಿತ್ತು. ಇವರೂ ಇಳಿಯುತ್ತಲೇ ಇದ್ದರು, ತಕ್ಕಡಿಯ ಲೆಕ್ಕದಲ್ಲಿ. ಹನ್ನೆರಡು. ಒಂಬತ್ತೂಕಾಲು.

ಎರಡನೇ ದಿನ ಸಂಜೆ ನಾನು ಇವರಿಗೆ ಹೇಳದೆ ಗೂಳಪ್ಪನ ಅಂಗಡಿಗೆ ಹೋದೆ. ಹೆಂಗಸರು ಹೋಗಿ ನಿಲ್ಲುವ ಜಾಗವಲ್ಲ ಅದು. ಅವನು ಸೋಸುವ ಬಟ್ಟೆ ಹಿಂಡುತ್ತಿದ್ದವನು ನಿಲ್ಲಿಸಿದ.

"ಕ್ಷಮೆ ಕೇಳೋಕೆ ನಿಮ್ಮನ್ನ ಕಳಿಸಿದನಾ?"

"ಯಾರೂ ಕಳಿಸಿಲ್ಲ. ಬೆಂಚಿನ ಕೆಳಗೆ ಒಂದು ಕಂದು ನಾಯಿ ಇತ್ತಲ್ಲ, ಅದನ್ನ ಏನಂತ ಕರೀತಿದ್ರಿ?"

"ಅದನ್ನ ಯಾರಮ್ಮ ಕರೀತಾರೆ," ಎಂದು ನಕ್ಕ. "ಅದು ತಾನೇ ಬರ್ತಿತ್ತು. ನಿಮ್ಮ ಯಜಮಾನನ್ನ ಕೂಗ್ತಿದ್ನಲ್ಲ, ಆ ಕೂಗು ಕೇಳಿದ್ರೆ ಸಾಕು, ಯಾವ ಬೀದೀಲಿದ್ರೂ ಓಡಿ ಬಂದು ಬೆಂಚಿನ ಕೆಳಗೆ ತೂರ್ಕೊಳ್ತಿತ್ತು. ಅವನಿಗಿಂತ ಮುಂಚೆ ಅದು ಹಾಜರು. ಬನ್ನಿನಾಸೆ."

ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಹೆಸರು ಕೇಳಿದರೆ ಬನ್ನು ಬರುತ್ತದೆ ಎಂದರೆ ಅದು ತನ್ನದೇ ಹೆಸರು ಎಂದು ನಾಯಿ ತಿಳಿದಿತ್ತು. ನಾಯಿಯದೇನು ತಪ್ಪು. ಕೂಗು ನಿಂತ ದಿನದಿಂದ ಅದೂ ಹಗುರಾಯಿತು, ಇವರೂ ಹಗುರಾದರು.

"ನಾಳೆ ಬಂದು ಒಂದು ಸಲ ಕೂಗಿ ಗೂಳಪ್ಪಣ್ಣ," ಎಂದೆ.

ಅವನು ಬಟ್ಟೆ ಮತ್ತೆ ಹಿಂಡತೊಡಗಿದ. "ನನ್ನನ್ನ ಕಳ್ಳ ಅಂದೋನು ಅವನು. ಈ ಬೆಂಚಿಗೆ ಅವನೇ ಬರಲಿ, ಗಂಟಲು ಹರಿಯೋ ತನಕ ಕೂಗ್ತೀನಿ. ಅಲ್ಲಿಗೆ ಬಂದು ಕೂಗಲ್ಲ." ನಾನು ಎದ್ದೆ. ಹಿಂದಿನಿಂದ, "ಈಗ ಎಷ್ಟಿದಾನೆ?" ಎಂದು ಕೇಳಿದ. ಒಂಬತ್ತೂಕಾಲು ಎಂದೆ.

ಮೂರನೇ ದಿನ ಬೆಳಿಗ್ಗೆಯೇ ಗಾಳಿ ಎದ್ದಿತ್ತು, ಪಂಚಾಂಗಕ್ಕಿಂತ ಒಂದು ದಿನ ಮೊದಲು. ಟಾಕೀಸಿಗೆ ಹೋದ ಮೇಲೆ ಇವರಿಗೆ ವಿಷಯ ಹೇಳಿ, ನಿಮ್ಮ ಹೆಸರು ಹಿಡಿದೇ ಕರೆದು ನೋಡಿ ಎಂದೆ. ಇವರು ನಾಚಿಕೊಂಡರು. ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ತಮ್ಮ ಹೆಸರನ್ನೇ ಕರೆದರು. ನಾಯಿ ಕಿವಿ ಎತ್ತಿತು. ಎರಡು ಗೇಣು ಇಳಿಯಿತು. ಮೆಹರುನ್ನೀಸಾ ಬಾಯಿಗೆ ಕೈ ಇಟ್ಟಳು. ಆಮೇಲೆ ನಾಯಿ ಇವರನ್ನು ನೋಡಿತು, ಬಾಗಿಲ ಕಡೆ ನೋಡಿತು, ಮತ್ತೆ ಮೇಲೆ ಹೋಯಿತು. ಇವರು ಕರೆಯುವವರಲ್ಲ, ಕರೆದರೆ ಬರುವವರು. ತನ್ನ ಜೊತೆ ಓಡಿಬರುತ್ತಿದ್ದವನು ಕರೆದರೆ ಅದು ಹೇಗೆ ನಂಬೀತು.

"ನೀನು ಕರೆದು ನೋಡ್ತೀಯಾ?" ಎಂದು ಇವರು ಕೇಳಲಿಲ್ಲ. ಎಂಟು ತಿಂಗಳಲ್ಲಿ ಒಂದು ದಿನವೂ ಕೇಳಿರಲಿಲ್ಲ. ನನಗೆ ಅಮ್ಮ ಹೇಳಿ ಕಳಿಸಿದ್ದು ಅವರಿಗೂ ಗೊತ್ತಿತ್ತು.

ಅಷ್ಟರಲ್ಲಿ ಮೂಲೆಯ ತಗಡು ಹರಿದು ಎದ್ದಿತು. ಕತ್ತೆಯಿಂದ ಹಿಡಿದು ಎಲ್ಲವೂ ಕೂಗಿಕೊಂಡವು. ಮೆಹರುನ್ನೀಸಾ ಗೂಟಗಳ ಕಡೆ ಓಡಿದಳು. ಕಂದು ನಾಯಿಯ ಹಗ್ಗ ಗೂಟದಿಂದ ಬಿಚ್ಚಿಕೊಂಡು ಮೇಲಕ್ಕೆ ಹೊರಟಿತು, ಇವರು ಎರಡು ಹೆಜ್ಜೆ ಹಾರಿ ಅದನ್ನು ಹಿಡಿದರು. ಕೈ ಎತ್ತಿದ ರಭಸಕ್ಕೆ ನಾನು ಹೊಲಿದ ಜೇಬು ಕಂಕುಳಿಂದ ಕೆಳಗೆ ಹರಿಯಿತು. ಹೊಳೆಯ ಕಲ್ಲುಗಳು ದಡದಡ ಬಿದ್ದವು. ನಾನು ಪಂಚೆಯ ಅಂಚು ಹಿಡಿಯುವಷ್ಟರಲ್ಲಿ ಅದು ಕೈಗೆ ಸಿಗದಷ್ಟು ಮೇಲಿತ್ತು.

"ಏನೂಂದ್ರೆ," ಎಂದೆ.

"ಇದೀನಿ ಕಣೇ. ಇಲ್ಲಿ ತುಂಬಾ ಧೂಳಿದೆ," ಎಂದರು ಮೇಲಿನಿಂದ. ತಗಡಿನ ಕಿಂಡಿಯಿಂದ ಆಕಾಶ ಕಾಣುತ್ತಿತ್ತು. ಗಾಳಿ ಇಬ್ಬರನ್ನೂ ಅದೇ ಕಡೆಗೆ ತಳ್ಳುತ್ತಿತ್ತು.

"ಇವರೇ," ಎಂದೆ. "ರೀ. ನೋಡಿ ಇಲ್ಲಿ. ಸರೋಜಳ ಅಪ್ಪ." ಐವತ್ತೊಂದು ವರ್ಷ ಯಾವ ಯಾವ ಮಾತಿನಿಂದ ಕರೆದಿದ್ದೆನೋ ಎಲ್ಲವನ್ನೂ ಕರೆದೆ. ಅಡುಗೆಮನೆಯಿಂದ ಕರೆಯುವ ಬಳೆಯ ಸದ್ದನ್ನೂ ಮಾಡಿದೆ. ಇವರು ಎಲ್ಲದಕ್ಕೂ ಹ್ಞೂಂ ಎಂದರು, ಒಂದಕ್ಕೂ ಇಳಿಯಲಿಲ್ಲ. ನಾಯಿಯ ಹರಿದ ಕಿವಿ ಕಿಂಡಿಯ ಆಚೆಗೆ ಹೋಯಿತು. ಒಂದು ಸಲ ಹೇಳಿದರೆ ಒಂದು ಎಳೆ ಹರಿಯುತ್ತದೆ ಎಂದಿದ್ದಳು ಅಮ್ಮ. ಹೇಳದಿದ್ದರೆ ಹಗ್ಗಕ್ಕೆ ಹಗ್ಗವೇ ಹೋಗುತ್ತಿದೆಯಲ್ಲ ತಾಯಿ ಎಂದುಕೊಂಡೆ. ಸೆರಗು ಬಾಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿದೆ.

"ಹಾಲಪ್ಪ," ಎಂದೆ. ಧ್ವನಿ ಹೊರಡಲಿಲ್ಲ. ಗಂಟಲು ಸರಿಮಾಡಿಕೊಂಡು ಗೂಳಪ್ಪ ಕೂಗುವ ಹಾಗೆಯೇ ಕೂಗಿದೆ. "ಲೋ ಹಾಲಪ್ಪಾ, ಟೀ ಆರ್ತದೆ, ಇಳಿದು ಬಾರೋ."

ನಾಯಿ ಮೊದಲು ಬಿತ್ತು. ಮೂಟೆ ಬಿದ್ದ ಸದ್ದು. ಅದರ ಹಿಂದೆಯೇ ಇವರು, ಕತ್ತೆಗೆಂದು ಹಾಕಿದ್ದ ಹುಲ್ಲಿನ ರಾಶಿಯ ಮೇಲೆ. ನಾಯಿ ಎದ್ದು ಬಂದು ನನ್ನ ಕೈ ಮೂಸಿತು, ಬನ್ನು ಹುಡುಕಿತು. ಇವರು ಹುಲ್ಲಿನಲ್ಲೇ ಕೂತು ತಮ್ಮ ಮೊಣಕಾಲು ಮುಟ್ಟಿಕೊಂಡು ನೋಡಿದರು. ನೋವಾಗಿತ್ತು, ಅದಕ್ಕೇ ಖುಷಿಯಾಗಿದ್ದರು.

"ನನ್ನನ್ನ ಕರೆದೆಯಾ?"

"ನಿಮ್ಮನ್ನ ಯಾರು ಕರೆದರು," ಎಂದೆ. "ನಾಯೀನ ಕರೆದೆ."

ಮೆಹರುನ್ನೀಸಾ ಗೂಟಗಳನ್ನೆಲ್ಲ ಬಿಗಿದು, ತಲೆಯ ಮೇಲಿನ ಧೂಳು ಕೊಡವಿಕೊಂಡು ಫಾರಂ ತಂದಳು. ಸಾಕುವವರ ಹೆಸರು ಎಂದು ಒಂದು ಗೆರೆ, ಪ್ರಾಣಿಯ ಹೆಸರು ಎಂದು ಕೆಳಗೊಂದು. ಎರಡರಲ್ಲೂ ಅದೇ ಹೆಸರನ್ನು ಬರೆದು, ಪೆನ್ನು ಕಚ್ಚಿಕೊಂಡು, "ಯಾರ ಹೆಬ್ಬೆಟ್ಟು ಒತ್ತಿಸಲಿ ಈರಕ್ಕ?" ಎಂದಳು. ನಾನು ಒತ್ತಿದೆ. ನಾಯಿ ಒದ್ದೆ ಮೂಗನ್ನು ಪಕ್ಕದಲ್ಲೇ ಒತ್ತಿತು.

ಮನೆಗೆ ಬರುವ ದಾರಿಯಲ್ಲಿ ಗಾಳಿ ಜೋರಾಗಿಯೇ ಇತ್ತು, ಒಂದು ಅಡ್ಡ ಮಳೆಯೂ ಬಿದ್ದು ಹೋಗಿತ್ತು. ಇವರು ಪಂಚೆ ಎತ್ತಿ ಕಟ್ಟಿ ನಡೆಯುತ್ತಿದ್ದರು, ಹೊಸ ಮೆಟ್ಟು ಹಾಕಿದವರ ಹಾಗೆ ಒಂದೊಂದು ಹೆಜ್ಜೆಯನ್ನೂ ಗಟ್ಟಿಯಾಗಿ ಊರಿ. ಹಿಂದೆ ತಿರುಗಿ ಕೆಸರಲ್ಲಿ ಮೂಡಿದ್ದನ್ನು ನೋಡಿಕೊಳ್ಳುತ್ತಿದ್ದರು. ನಾಯಿ ನಮ್ಮಿಬ್ಬರ ಕಾಲ ನಡುವೆಯೇ ಬರುತ್ತಿತ್ತು. ಗಿರಣಿಯ ತಿರುವು ದಾಟಿದ ಮೇಲೆ, ಮುಖ ಬೇರೆ ಕಡೆ ಮಾಡಿಕೊಂಡು ಹೇಳಿದರು.

"ಇನ್ನೊಂದು ಸಲ ನಾಯೀನ ಕರಿ."

"ಇಲ್ಲೇ ಇದೆಯಲ್ಲ."

"ಇರಲಿ ಬಿಡು. ಕರಿ."

ಕರೆದೆ.

ಗೂಳಪ್ಪನ ಅಂಗಡಿ ಮುಂದೆಯೇ ಹಾದು ಬರಬೇಕು. ಅವನು ಹೊರಗೆ ಬಂದು ನಿಂತಿದ್ದ, ನನ್ನ ಕೂಗು ಅಲ್ಲಿಗೂ ಕೇಳಿಸಿತ್ತು. ಇವರ ಕಾಲ ಕೆಳಗಿನ ಕೆಸರನ್ನು ನೋಡಿದ. "ಬೆಂಚು ಖಾಲಿಯಿದೆ," ಎಂದ, ಯಾರಿಗೋ ಹೇಳಿದ ಹಾಗೆ. "ಕುರಿ ಎಣಿಸಿಟ್ಟಿದೀಯಾ?" ಎಂದರು ಇವರು. "ಹುಲೀನೂ ಎಣಿಸಿದೀನಿ." ಇವರು ನಿಂತರು, ಆಮೇಲೆ ಹೋಗಿ ಕೂತರು, ನಾಯಿ ಕೆಳಗೆ ತೂರಿಕೊಂಡಿತು. ನಾನು ಒಬ್ಬಳೇ ಮನೆಗೆ ಬಂದೆ.

ಮಾರನೆಯ ಬೆಳಿಗ್ಗೆ ಹಿತ್ತಲಿಂದ "ಅರವತ್ತೊಂದೂಮುಕ್ಕಾಲು" ಕೇಳಿತು, ಅದರ ಹಿಂದೆಯೇ "ಇಪ್ಪತ್ತಾರು". ಕಾಲು ಕೆಜಿ ಕಡಿಮೆಯಿತ್ತು. ಅಮ್ಮ ಹೇಳಿದ ಎಳೆ ಅದೇ ಇರಬಹುದು, ಅಥವಾ ಗೂಳಪ್ಪನ ಟೀಯಲ್ಲಿ ಸಕ್ಕರೆ ಕಡಿಮೆಯಾಗಿರಬಹುದು, ನನಗೆ ಗೊತ್ತಿಲ್ಲ. ಬಾಗಿಲಲ್ಲಿ ಕರಿಬಸಯ್ಯ ಕ್ಯಾನು ಇಳಿಸಿ, ಅಳತೆ ಪಾವು ಕೈಗೆತ್ತಿಕೊಂಡು, "ಬಿಳೇದು ಎಷ್ಟಮ್ಮ?" ಎಂದ.

"ಒಂದು ಸೇರು ಹಾಲು ಹಾಕು," ಎಂದೆ.

ಅವನು ಹುಯ್ಯುವುದನ್ನು ನಿಲ್ಲಿಸಲು ಮರೆತ. ಪಾವು ತುಂಬಿ, ಕೈ ತೊಯ್ದು, ಹೊಸ್ತಿಲಿಗೆ ಸುರಿಯಿತು. ಅರ್ಧ ಹೆಸರು ಕೇಳಿಯೇ ಹಿತ್ತಲ ಬಾಗಿಲಲ್ಲಿ ಎರಡು ತಲೆ ಕಾಣಿಸಿಕೊಂಡವು, ಏನು ಕೊಡುತ್ತೀಯ ಎಂಬ ಹಾಗೆ.